ಒಂದು ಸ್ವರ ಕೆಳಗೆ

ನಮ್ಮದು ಐದು ಜನರ ಹಿತ್ತಾಳೆ ವಾದ್ಯಗಳ ತಂಡ. ವರ್ಷದಲ್ಲಿ ಹನ್ನೊಂದು ತಿಂಗಳು ನಮ್ಮನ್ನು ಕೇಳುವವರಿಲ್ಲ. ಡಿಸೆಂಬರ್ ಬಂತೆಂದರೆ ಆಸ್ಪತ್ರೆಯ ವಾರ್ಡು, ವೃದ್ಧಾಶ್ರಮದ ಊಟದ ಕೋಣೆ, ರೈಲು ನಿಲ್ದಾಣದ ಮೆಟ್ಟಿಲು ಎಂದು ಎಲ್ಲ ಕಡೆಯಿಂದಲೂ ಕರೆ ಬರುತ್ತದೆ. ನಮ್ಮ ಬಳಿ ಇರುವುದು ಹನ್ನೆರಡು ಕ್ರಿಸ್‌ಮಸ್ ಹಾಡು. ಅವನ್ನು ಐದು ವಾದ್ಯಗಳಿಗೆ ಹಂಚಿ ಬರೆದವಳು ನಾನು.

ಹಂಚಿ ಬರೆಯುವುದು ಎಂದರೇನು ಎಂದು ಕನ್ನಡಕದ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರು ಕೇಳುತ್ತಿರುತ್ತಾರೆ. ಹಾಡು ಎಲ್ಲರಿಗೂ ಗೊತ್ತಿರುವುದೇ. ಅದರ ರಾಗ ಯಾರ ಕೈಯಲ್ಲಿರಬೇಕು, ಆಗ ಮಿಕ್ಕ ನಾಲ್ವರು ಏನು ನುಡಿಸುತ್ತಿರಬೇಕು, ಯಾರು ಎಲ್ಲಿ ಸುಮ್ಮನಿರಬೇಕು ಎಂದು ಯೋಚಿಸಿ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಬರೆದು ಕೊಡುವುದು. ಮನೆ ಖಾಲಿ ಮಾಡುವಾಗ ಯಾರ ತೋಳಿನಲ್ಲಿ ಎಷ್ಟು ಶಕ್ತಿ ಇದೆಯೆಂದು ನೋಡಿ ಸಾಮಾನು ಹೊರಿಸುತ್ತೇವಲ್ಲ, ಹಾಗೆ. ಎರಡು ವರ್ಷ, ಮಂಗಳವಾರ ಮತ್ತು ಗುರುವಾರ, ಸಂಜೆ ತರಗತಿಯಲ್ಲಿ ಕಲಿತದ್ದು. ಅದಕ್ಕಿಂತ ಹೆಚ್ಚಿನ ಓದು ನನಗಿಲ್ಲ. ಅದಕ್ಕೇ ಏನು ಬರೆದರೂ ಮೂರು ಸಲ ತಪ್ಪು ಹುಡುಕುತ್ತೇನೆ.

ಮೊದಲ ಟ್ರಂಪೆಟ್ ಅಂಚೆಯಣ್ಣನದು. ವಾರವೆಲ್ಲ ಮನೆಮನೆಗೆ ಕಾಗದ ಹಂಚಿ, ಶನಿವಾರ ಮಧ್ಯಾಹ್ನ ನಮಗೆ ಬುದ್ಧಿ ಹಂಚುವ ಮನುಷ್ಯ. ಎರಡನೆಯ ಟ್ರಂಪೆಟ್ ಮೌನಿಯದು. ಟೆಲಿಫೋನ್ ಕಚೇರಿಯಿಂದ ನಿವೃತ್ತನಾದವನು. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆ ಹೆಸರು. ನೆಲ ನಡುಗಿಸುವ ಟ್ಯೂಬಾ ಬೇಕರಿ ಅಕ್ಕನದು. ನಡುವಿನ ದನಿಯ ಹಾರ್ನ್ ನನ್ನದು. ಅದು ಇದ್ದರೆ ಯಾರ ಗಮನಕ್ಕೂ ಬರುವುದಿಲ್ಲ, ಇಲ್ಲದಿದ್ದರೆ ಏನೋ ಕಡಿಮೆ ಎನ್ನಿಸುತ್ತದೆ ಅಷ್ಟೆ. ಟ್ರೊಂಬೋನ್ ನಮ್ಮಣ್ಣನದು.

ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಿದ್ದ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ನನ್ನ ತುಟಿಗೆ ಮೊದಲು ಹಿತ್ತಾಳೆ ಮುಟ್ಟಿಸಿದವನೂ ಅವನೇ, ಸಂಜೆ ತರಗತಿಗೆ ಹೆಸರು ಬರೆಸಿದವನೂ ಅವನೇ. ಸ್ಪ್ಯಾನರು, ಗ್ರೀಸ್ ಡಬ್ಬಿ ತುಂಬಿದ ಕೆಲಸದ ವ್ಯಾನಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಿ, ತರಗತಿ ಮುಗಿಯುವವರೆಗೆ ಹೊರಗೆ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ನಾನು ಬರೆದ ಮೊದಲ ಹಾಡನ್ನು ಹರಿದು ಕಸದ ಬುಟ್ಟಿಗೆ ಹಾಕಿದ್ದೆ. ಅವನು ಅದನ್ನು ಹೆಕ್ಕಿ, ಅಂಟು ಪಟ್ಟಿ ಹಚ್ಚಿ ಜೋಡಿಸಿ, ನುಡಿಸಿ ನೋಡಿ, "ಇದು ತಪ್ಪಲ್ಲ ಪುಟ್ಟೀ, ಕಷ್ಟ. ತಪ್ಪು ಬೇರೆ, ಕಷ್ಟ ಬೇರೆ" ಅಂದಿದ್ದ. ನನಗೆ ನಲವತ್ತಾರಾದರೂ ಅವನಿಗೆ ನಾನು ಪುಟ್ಟಿಯೇ.

ಆ ಮೊದಲ ಹಾಡೇ ನಮ್ಮ ತೊಟ್ಟಿಲ ಹಾಡು. ಮಗುವನ್ನು ಮಲಗಿಸುವಂಥ ನಿಧಾನದ ಹಾಡಾದ್ದರಿಂದ ನಮ್ಮಲ್ಲಿ ಅದಕ್ಕೆ ಆ ಹೆಸರು. ಶುರುವಿನ ಎರಡು ಸಾಲು ಟ್ರೊಂಬೋನ್ ಒಂದೇ. ಆಮೇಲೆ ನಾವು ನಾಲ್ವರೂ ಅದರ ಕೆಳಗೆ ಹಾಸಿಗೆ ಹಾಸಿದಂತೆ ಸೇರಿಕೊಳ್ಳುತ್ತೇವೆ. ಇಪ್ಪತ್ತೆರಡು ವರ್ಷ ಹಾಗೆಯೇ ನುಡಿಸಿದೆವು.

ಸಂಜೆ ತರಗತಿಯ ಮೇಷ್ಟ್ರು ಒಂದು ಪಾಠ ಮತ್ತೆ ಮತ್ತೆ ಹೇಳುತ್ತಿದ್ದರು. ಸಣ್ಣ ತಂಡಕ್ಕೆ ಬರೆಯುವವರು ಒಬ್ಬರ ಮುಖ್ಯ ಸಾಲನ್ನು ಇನ್ನೊಬ್ಬರ ಹಾಳೆಯಲ್ಲೂ ಸಣ್ಣ ಗಾತ್ರದಲ್ಲಿ ಬರೆದಿಡಬೇಕು. ಯಾರಾದರೂ ಜ್ವರ ಬಂದು ಮಲಗಿದರೆ ಪಕ್ಕದವರು ಅದನ್ನು ನುಡಿಸಿ ಹಾಡನ್ನು ದಡ ಮುಟ್ಟಿಸಬೇಕು. ನಾನು ಎಲ್ಲರ ಸಾಲನ್ನೂ ಹಾಗೆ ಬರೆದಿಟ್ಟಿದ್ದೆ, ಅಣ್ಣನದನ್ನು ಬಿಟ್ಟು. ಅವನು ಒಂದು ಶನಿವಾರವೂ ತಪ್ಪಿಸಿದವನಲ್ಲ. ಅವನಿಲ್ಲದ ಹಾಡು ನನ್ನ ತಲೆಗೇ ಬಂದಿರಲಿಲ್ಲ.

ನವೆಂಬರ್ ಎರಡನೆಯ ವಾರ ಅತ್ತಿಗೆ ಅಂಗಡಿಗೆ ಫೋನ್ ಮಾಡಿದರು. ನಾನು ಒಬ್ಬರ ಮೂಗಿನ ಅಳತೆ ತೆಗೆದುಕೊಳ್ಳುತ್ತಿದ್ದೆ.

"ಅವರದ್ದು ಎದೆಯ ಫೋಟೋ ಬಂತು ಕಣೇ," ಅಂದರು. "ಎರಡೂ ಕಡೆ ಇದೆಯಂತೆ."

"ಏನು ಎರಡೂ ಕಡೆ?"

"ಅದೇ." ಆ ಪದವನ್ನು ಅತ್ತಿಗೆ ಕೊನೆಯವರೆಗೂ ಬಾಯಲ್ಲಿ ಆಡಲಿಲ್ಲ. "ಈ ವರ್ಷ ಊದೋ ಮಾತೇ ಇಲ್ಲ ಅಂದ್ರು ಡಾಕ್ಟ್ರು. ಇವರು ಹೂಂ ಅಂತ ತಲೆ ಆಡಿಸಿದ್ರು. ಆದ್ರೆ ನಿಮ್ಮಣ್ಣ ನಿಂಗೆ ಗೊತ್ತಲ್ಲ, ನೀವು ಕರೆದ್ರೆ ಹಾಸಿಗೆಯಿಂದ ಎದ್ದು ಬರ್ತಾರೆ. ಕರೀಬೇಡ. ಅವರಿಲ್ದೆ ನಡೆಯೋ ಹಾಗೆ ಏನಾದ್ರೂ ಮಾಡ್ಕೋ."

ಮಾಡಿಕೊಂಡೆ. ಹೇಳಿದ ಕೆಲಸ ಮಾಡುವುದರಲ್ಲಿ ನನ್ನ ಕಡೆ ಯಾರೂ ಬೆರಳು ತೋರಿಸುವಂತಿಲ್ಲ. ಎರಡು ವಾರದಲ್ಲಿ ಹನ್ನೆರಡು ಹಾಡನ್ನೂ ನಾಲ್ವರಿಗೆ ತಿದ್ದಿ ಬರೆದೆ. ಅಂಗಡಿಯಿಂದ ಬಂದವಳೇ ಅಡುಗೆ ಮನೆಯ ಮೇಜು ಒರೆಸಿ, ಹಾಳೆ ಹರಡಿಕೊಂಡು ಕೂರುತ್ತಿದ್ದೆ. ಅಣ್ಣನ ಸಾಲನ್ನು ಬಿಡಿಸಿ ಒಂದಷ್ಟು ಬೇಕರಿ ಅಕ್ಕನಿಗೆ, ಒಂದಷ್ಟು ಮೌನಿಗೆ, ಹೆಚ್ಚಿನದನ್ನು ನನಗೇ ಕೊಟ್ಟುಕೊಂಡೆ. ತೊಟ್ಟಿಲ ಹಾಡಿನ ರಾಗ ನನ್ನ ಹಾರ್ನಿಗೆ ಬಂತು. ಅದರ ಏರು ಜಾಗದಲ್ಲಿ ನನ್ನ ತುಟಿ ನಡುಗುತ್ತದೆಂದು ಗೊತ್ತಿದ್ದರಿಂದ ಇಡೀ ಹಾಡನ್ನು ಒಂದು ಸ್ವರ ಕೆಳಗಿಳಿಸಿದೆ. ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಮೇಜನ್ನು ಸ್ವಲ್ಪ ತಗ್ಗಿಸಿದರೆ ಅದರ ಮೇಲಿನ ತಟ್ಟೆ ಲೋಟ ಎಲ್ಲವೂ ಒಟ್ಟಿಗೆ ತಗ್ಗುವ ಹಾಗೆ.

ಈ ಕೆಲಸದಲ್ಲಿ ಅಣ್ಣನ ಹಳೆಯ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕಾಯಿತು. ಊದುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಕೊಕ್ಕೆ ಹಾಕಿಕೊಳ್ಳುತ್ತಾರೆ. ಮೊದಲ ವರ್ಷ ಅಣ್ಣ ತೊಟ್ಟಿಲ ಹಾಡಿನಲ್ಲಿ ನಾಲ್ಕು ಕೊಕ್ಕೆ ಹಾಕಿದ್ದ. ಪೆನ್ಸಿಲ್ ಮಾಸಿ ಕಾಗದಕ್ಕೇ ಸೇರಿ ಹೋಗಿತ್ತು. ಅವುಗಳ ನಡುವೆ ಹೊಸ ಕೊಕ್ಕೆಗಳಿದ್ದವು, ಇನ್ನೂ ಕಪ್ಪಗೆ. ಎಣಿಸಿದೆ. ಹದಿಮೂರು. ಹೋದ ವರ್ಷವೇ ಹಾಕಿದ್ದಿರಬೇಕು. ಹೋದ ವರ್ಷದ ಅಭ್ಯಾಸದಲ್ಲಿ ನಾನು, "ಅಣ್ಣಾ, ಸಾಲಿನ ಮಧ್ಯೆ ಉಸಿರು ತಗೋಬೇಡ, ರಾಗ ತುಂಡಾಗುತ್ತೆ" ಎಂದು ಎಲ್ಲರ ಮುಂದೆ ಅಂದದ್ದು ನೆನಪಾಯಿತು. ಅವನು, "ಆಯ್ತು ಮೇಡಂ" ಎಂದು ಸೆಲ್ಯೂಟ್ ಹೊಡೆದಿದ್ದ. ಎಲ್ಲರೂ ನಕ್ಕಿದ್ದೆವು. ಅವನ ಎದೆಯ ಫೋಟೋ ಒಂದು ವರ್ಷ ಮೊದಲೇ ನನ್ನ ಕಣ್ಣ ಮುಂದೆ ಇತ್ತು, ಕನ್ನಡಕದ ಅಂಗಡಿಯವಳ ಕಣ್ಣ ಮುಂದೆ.

ಆ ಹಾಳೆಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ ಮನೆಯಲ್ಲಿಟ್ಟೆ. ಎಲ್ಲರ ಹಳೆಯ ಹಾಳೆಗಳನ್ನೂ ಫೈಲಿನಿಂದ ತೆಗೆದುಕೊಂಡೆ. ಹಳೆಯದೂ ಹೊಸದೂ ಕಲೆತು ಗೊಂದಲವಾಗಬಾರದಲ್ಲ.

ನಾವು ಅಭ್ಯಾಸ ಮಾಡುವುದು ಚರ್ಚಿನ ಹಿಂದಿನ ಉಗ್ರಾಣದಂಥ ಕೋಣೆಯಲ್ಲಿ. ಒಂದು ಗೋಡೆಗೆ ಮಡಿಸುವ ಕುರ್ಚಿಗಳು, ಇನ್ನೊಂದಕ್ಕೆ ಕಾಲು ಮುರಿದ ಪಿಯಾನೊ. ಅಣ್ಣನ ಕುರ್ಚಿ ಖಾಲಿ ಇದ್ದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆಂದು ಅದನ್ನು ಮಡಿಸಿ ಗೋಡೆಗೆ ಒರಗಿಸಿದೆ. ನಾಲ್ವರೂ ಹತ್ತಿರ ಹತ್ತಿರ ಕೂತೆವು. ಎರಡು ಶನಿವಾರ ನುಡಿಸಿದೆವು. ಹಾಡುಗಳು ಚೆನ್ನಾಗಿಯೇ ಬಂದವು. ಹೇಳಲು ನಾಚಿಕೆಯಾಗುತ್ತದೆ, ಒಂದೆರಡು ಹಾಡು ಮೊದಲಿಗಿಂತ ಹಗುರವಾಗಿ, ಚೊಕ್ಕವಾಗಿ ಬಂದವು.

"ಭಲೇ," ಅಂದರು ಅಂಚೆಯಣ್ಣ. "ಒಬ್ಬ ಕಡಿಮೆ ಅನ್ನೋದೇ ಗೊತ್ತಾಗಲ್ಲ ನೋಡು."

ಹೊಗಳಿಕೆ ಕೇಳಿ ಹಿಗ್ಗುವವಳು ನಾನು. ಆ ಕ್ಷಣ ಹಿಗ್ಗಿದೆ ಕೂಡ. ಹಾರ್ನನ್ನು ಒರೆಸಿ ಪೆಟ್ಟಿಗೆಗೆ ಹಾಕುವಾಗ ಆ ಮಾತು ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ನಿಂತಿತು.

ಡಿಸೆಂಬರ್ ಮೊದಲ ಶನಿವಾರ, ನಾವು ಮೂರನೆಯ ಹಾಡಿನಲ್ಲಿದ್ದಾಗ, ಬಾಗಿಲು ತೆರೆಯಿತು. ಅಣ್ಣ. ಕೋಟು ಅವನದೇ, ಆದರೆ ಯಾರಿಂದಲೋ ಎರವಲು ತಂದಂತೆ ಮೈಮೇಲೆ ಜೋತಾಡುತ್ತಿತ್ತು. ಕೈಯಲ್ಲಿ ಟ್ರೊಂಬೋನಿನ ಉದ್ದ ಪೆಟ್ಟಿಗೆ. ಅದನ್ನು ನೆಲಕ್ಕಿಟ್ಟು, ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತ. ಉಸಿರು ಸಿಕ್ಕ ಮೇಲೆ ಮಾತಾಡಿದ.

"ಯಾಕೆ ಎಲ್ರೂ ಸಾವಿನ ಮನೇಲಿ ಕೂತಂಗೆ ಕೂತ್ರಿ? ನಾನಿನ್ನೂ ಇದ್ದೀನಪ್ಪಾ."

"ನಿನ್ನ ಹೆಂಡ್ತಿ ಬಿಟ್ಟಳೇನೋ?" ಅಂದಳು ಬೇಕರಿ ಅಕ್ಕ. ಅವಳ ದನಿ ಆಗಲೇ ಒಡೆದಿತ್ತು.

"ಪಾರ್ಕಿಗೆ ಹೋಗ್ಬರ್ತೀನಿ ಅಂದೆ."

"ಟ್ರೊಂಬೋನ್ ಹಿಡ್ಕೊಂಡು ಪಾರ್ಕಿಗಾ?"

"ಅವಳು ಸ್ನಾನಕ್ಕೆ ಹೋಗೋವರೆಗೂ ಕಾದೆ ಕಣಕ್ಕಾ. ಲಿಫ್ಟ್ ಕೆಟ್ಟಾಗ ಕಾಯೋದು ನನಗೇನು ಹೊಸದಾ?" ಕೋಣೆಯ ಸುತ್ತ ನೋಡಿ, ತನ್ನ ಕುರ್ಚಿ ಹುಡುಕಿ, ಗೋಡೆಯಿಂದ ತಾನೇ ಎಳೆದುಕೊಂಡು ಬಿಡಿಸಿದ. ಯಾರಿಗೂ ಏಳಲು ತೋಚಲಿಲ್ಲ. ನಾವೇ ಜರುಗಿ ಅವನಿಗೆ ಜಾಗ ಮಾಡಬೇಕಾಯಿತು. "ಡಾಕ್ಟ್ರ ಹತ್ರ ಚೌಕಾಸಿ ಮಾಡಿದೀನಿ. ಹನ್ನೆರಡು ಅಂದೆ, ಒಂದೂ ಇಲ್ಲ ಅಂದ್ರು. ಆರು, ಮೂರು ಅಂತ ಇಳಿದು ಇಳಿದು ಒಂದಕ್ಕೆ ಒಪ್ಪಿದ್ರು. ತೊಟ್ಟಿಲ ಹಾಡು ಒಂದೇ. ಇಪ್ಪತ್ನಾಲ್ಕನೇ ತಾರೀಖು, ರೈಲ್ವೆ ಸ್ಟೇಷನ್ನಿನಲ್ಲಿ. ಅದೊಂದು ಊದಿಬಿಟ್ರೆ ಸಾಕು ನಂಗೆ."

ಅವನ ಫೈಲು ಕಪಾಟಿನಲ್ಲಿತ್ತು. ತೆಗೆದು ಬಿಡಿಸಿದ. ಖಾಲಿ.

ಅವನೇ ನನ್ನನ್ನು ನೋಡಿ ನಕ್ಕ. "ತಿದ್ದೋಕೆ ತಗೊಂಡು ಹೋಗಿದ್ದೀಯಾ? ಇಪ್ಪತ್ತೆರಡು ವರ್ಷ ಆಯ್ತಲ್ಲೇ, ಇನ್ನೂ ಮುಗೀಲಿಲ್ವಾ?"

"ಹೂಂ," ಅಂದೆ.

"ಇರ್ಲಿ ಬಿಡು. ಆ ಹಾಡು ಹಾಳೇಲಿ ಇಲ್ಲ, ತಲೇಲಿದೆ."

ಅವನು ಹಿಂದೆ ಮುಂದೆ ಜಾರಿಸಿ ಸ್ವರ ಬದಲಿಸುವ ಕೊಳವೆಗೆ, ಆ ಸ್ಲೈಡಿಗೆ, ಎಣ್ಣೆ ಹಚ್ಚಿ, ತುಟಿ ಒದ್ದೆ ಮಾಡಿಕೊಂಡ. ನಾನು ಹೇಳಬೇಕಿತ್ತು. ಸತ್ಯವಾಗಿ ಹೇಳುತ್ತೇನೆ, ಆಗ ನನಗೆ ನೆನಪೇ ಆಗಲಿಲ್ಲ. ಅವನಿಗೆ ರಾಗವನ್ನು ಬಿಟ್ಟುಕೊಡಬೇಕು, ಮೊದಲ ಎರಡು ಸಾಲು ನಾನು ಊದಬಾರದು, ಇಷ್ಟೇ ತಲೆಯಲ್ಲಿದ್ದದ್ದು. ಮುಂದಿದ್ದ ಹಾಳೆ ಹೊಸದು ಎಂಬುದನ್ನು ನಾವು ನಾಲ್ವರೂ ಮರೆತಿದ್ದೆವು. ಎರಡೇ ವಾರದಲ್ಲಿ ಅದು ನಮಗೆ ಹಳೆಯದಾಗಿ ಬಿಟ್ಟಿತ್ತು.

ಅಣ್ಣ ಒಬ್ಬನೇ ಶುರು ಮಾಡಿದ. ದನಿ ತೆಳ್ಳಗಾಗಿತ್ತು, ಆದರೆ ನೆಟ್ಟಗಿತ್ತು. ಮೊದಲ ಸಾಲಿನಲ್ಲಿ ಎರಡು ಸಲ ಉಸಿರು ತೆಗೆದುಕೊಂಡ. ಆ ಎರಡು ಸಾಲಿನಲ್ಲಿ ಒಂದು ತಪ್ಪೂ ಇರಲಿಲ್ಲ. ಆಮೇಲೆ ನಾವು ನಾಲ್ವರೂ ಸೇರಿಕೊಂಡೆವು, ಒಂದು ಸ್ವರ ಕೆಳಗೆ.

ಬಾಗಿಲಿನ ಸಂದಿಗೆ ಬೆರಳು ಸಿಕ್ಕಿದ ಹಾಗಿತ್ತು ಆ ಸದ್ದು. ಅವನು ಥಟ್ಟನೆ ನಿಲ್ಲಿಸಿದ. ಸ್ಲೈಡನ್ನು ನೋಡಿದ. ಕೈ ತಪ್ಪು ಜಾಗಕ್ಕೆ ಹೋಯಿತೇ ಎಂದು ನೋಡುವವನ ಹಾಗೆ. "ಇನ್ನೊಂದ್ಸಲ," ಅಂದವನೇ, ನಾವು ಬಾಯಿ ತೆರೆಯುವ ಮೊದಲೇ ಶುರು ಮಾಡಿಬಿಟ್ಟ. ಅಂಚೆಯಣ್ಣನಿಗೆ ಹೊಳೆದಿರಬೇಕು, ಟ್ರಂಪೆಟ್ ಇಳಿಸಿ ನನ್ನ ಕಡೆ ನೋಡಿದರು. ಬೇಕರಿ ಅಕ್ಕ, ಮೌನಿ ಇಬ್ಬರೂ ಅಭ್ಯಾಸ ಬಲದಿಂದ ಮತ್ತೆ ಕೆಳಗಿನ ಸ್ವರದಲ್ಲಿ ಬಂದರು. ಮತ್ತೆ ಅದೇ ಸದ್ದು. ಸರಿ ಇದ್ದವನು ಅವನು. ಆದರೆ ಅವನು ಒಬ್ಬ, ಎದುರಿಗೆ ನಾವೆಲ್ಲ. ತಪ್ಪು ತನ್ನದೇ ಎಂದು ಯಾರಿಗಾದರೂ ಅನ್ನಿಸಬೇಕಾದದ್ದೇ.

ಅಣ್ಣ ಟ್ರೊಂಬೋನನ್ನು ತೊಡೆಯ ಮೇಲೆ ಮಲಗಿಸಿದ.

"ಡಾಕ್ಟ್ರು ಹೇಳಿದ್ರು," ಅಂದ, ಯಾರಿಗೂ ಅಲ್ಲ ಎನ್ನುವ ಹಾಗೆ. "ಈ ಔಷಧಿ ಕಿವಿಗೆ ಹತ್ತುತ್ತೆ ಅಂತ. ಆಗ್ಲೇ ಒಂದು ಥರ ಗುಂಯ್ ಅಂತಿತ್ತು. ನಂಬಿರ್ಲಿಲ್ಲ ನಾನು."

ನೆನಪಾಗಿತ್ತು ನನಗೆ. ಮೊದಲ ಸಲ ಆ ಸದ್ದು ಎದ್ದಾಗಲೇ ನೆನಪಾಗಿತ್ತು. 'ಅಣ್ಣಾ, ಹಾಡನ್ನ ನಾನು ಇಳಿಸಿದೀನಿ' ಎಂದು ನಾಲ್ಕು ಪದ ಹೇಳಿದ್ದರೆ ಮುಗಿದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಯಾಕೆಂದರೆ ನೀನಿಲ್ಲದ ಕ್ರಿಸ್‌ಮಸ್ಸಿಗೆ ಬರೆದೆ, ನೀನು ಇನ್ನೂ ಇರುವಾಗಲೇ ಬರೆದೆ ಎನ್ನಬೇಕು. ಜೊತೆಗೆ ಇನ್ನೊಂದು ಯೋಚನೆ ಸಭ್ಯ ವೇಷ ಹಾಕಿಕೊಂಡು ಬಂದು ನಿಂತಿತು: ಊದುವುದು ಅವನ ಮೈಗೆ ಒಳ್ಳೆಯದಲ್ಲ, ಹೀಗೇ ಬಿಟ್ಟುಬಿಟ್ಟರೆ ಅವನಿಗೇ ಕ್ಷೇಮ.

ಅಣ್ಣ ವಾದ್ಯವನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಇಟ್ಟ. ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. "ಮೌನೀ, ನೀನೂ ಮಾತಾಡ್ತಿಲ್ಲ ಅಂದ್ಮೇಲೆ ನಿಜವಾಗ್ಲೂ ಕೆಟ್ಟದಾಗಿ ಊದಿದೀನಿ," ಅಂದ. ಮೌನಿ ನೆಲ ನೋಡುತ್ತಿದ್ದ. "ಚೆನ್ನಾಗಿ ನುಡಿಸ್ರಪ್ಪಾ. ಪುಟ್ಟೀ, ನನ್ನ ಸಾಲನ್ನ ಬೇರೆಯವರಿಗೆ ಕೊಡು. ಕಷ್ಟ ಆಗುತ್ತೆ ನಿಂಗೆ, ಕೂತು ಬರೀಬೇಕು ಮತ್ತೆ."

ಬೇಕರಿ ಅಕ್ಕ ಅವನನ್ನು ತನ್ನ ಬ್ರೆಡ್ಡಿನ ಗಾಡಿಯಲ್ಲಿ ಮನೆಗೆ ಬಿಡಲು ಹೋದಳು. ಅಂಚೆಯಣ್ಣ ಕುರ್ಚಿ ಮಡಿಸುತ್ತ, ನನ್ನ ಮುಖ ನೋಡದೆ, "ನೀನು ಹೇಳ್ತೀಯ ಅಂತ ನಾವು ಸುಮ್ನಿದ್ವಿ," ಅಂದರು.

"ನಾಳೆ ಹೋಗಿ ಹೇಳ್ತೀನಿ."

ನಾಳೆ ಹೋಗಲಿಲ್ಲ. ಸೋಮವಾರ ಅತ್ತಿಗೆಯ ಫೋನ್ ಬಂತು. "ಅದೇನು ಮಾಯ ಮಾಡಿದ್ಯೋ ತಾಯಿ, ಆ ಪೆಟ್ಟಿಗೆ ಕಡೆ ತಲೆ ಎತ್ತಿ ನೋಡಿಲ್ಲ. ನಿನ್ನಿಂದ ನಾನು ಒಂದು ಯೋಚನೆ ಕಳ್ಕೊಂಡೆ." ಥ್ಯಾಂಕ್ಸ್ ಎಂದು ಎರಡು ಸಲ ಹೇಳಿದರು. ಆ ದಿನ ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಮಂಗಳವಾರ, ಬುಧವಾರ ಸಂಜೆ ಕೂತು ತೊಟ್ಟಿಲ ಹಾಡನ್ನು ಮತ್ತೆ ಬರೆದೆ. ಹೊಸ ಸ್ವರದಲ್ಲಿ, ಐವರಿಗೆ. ರಾಗವನ್ನು ನಾನೇ ಇಟ್ಟುಕೊಂಡು ಟ್ರೊಂಬೋನಿಗೆ ಹೊಸದೊಂದು ಸಾಲು ಮಾಡಿದೆ. ಇಡೀ ಹಾಡಿಗೆ ಹದಿನಾಲ್ಕೇ ಸ್ವರ. ಒಂದು ಊದಿ ಸುಧಾರಿಸಿಕೊಳ್ಳಬೇಕು, ಇನ್ನೊಂದು ಊದಿ ಸುಧಾರಿಸಿಕೊಳ್ಳಬೇಕು. ಉಸಿರು ಕಡಿಮೆ ಇರುವವರಿಗೆ ಹೇಗೆ ಬರೆಯಬೇಕೆಂದು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಕುರ್ಚಿಯಲ್ಲಿ ಕೂತು, ಮೂಗು ಹಿಡಿದು, ಬಾಯಿಂದ ಅರ್ಧ ಉಸಿರು ಮಾತ್ರ ಎಳೆದು ಎಷ್ಟು ಹೊತ್ತು ತಡೆಯುತ್ತದೆ ಎಂದು ಗಡಿಯಾರ ನೋಡುತ್ತ ಬರೆದೆ.

ಗುರುವಾರ ಮಧ್ಯಾಹ್ನ ರಜೆ ಹಾಕಿ ಹೋದೆ. ಅಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಮನೆ ಏನೋ ಬೇರೆಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು: ರೇಡಿಯೊ ಇಲ್ಲ. ಆ ಮನೆಯಲ್ಲಿ ಬೆಳಗ್ಗೆ ಕಾಫಿಗೆ ಮೊದಲು ರೇಡಿಯೊ ಹಾಕುವುದು ನನ್ನ ಬಾಲ್ಯದಿಂದ ಕಂಡದ್ದು. ಈಗ ಅದು ಕಪಾಟಿನ ಮೇಲಿತ್ತು, ವೈರು ಸುತ್ತಿ.

ಅತ್ತಿಗೆ ಅಡುಗೆ ಮನೆಗೆ ಹೋದ ಮೇಲೆ ಹೇಳಿದೆ. ಯಾವುದನ್ನೂ ಬಿಡಲಿಲ್ಲ. ನಾಲ್ವರಿಗೆ ಬರೆದದ್ದು, ಇಳಿಸಿದ್ದು, ಮರೆತದ್ದು, ನೆನಪಾದ ಮೇಲೂ ಬಾಯಿ ಬಿಡದೆ ಕೂತದ್ದು. ಅವನು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡ.

"ಎಷ್ಟು ಇಳಿಸಿದ್ದೆ?"

"ಒಂದು ಸ್ವರ."

"ನಾನು ಶುರು ಮಾಡಿದ್ದು ಹಳೇದರಲ್ಲಿ."

"ಹೂಂ. ನೀನು ಸರಿ ಇದ್ದೆ ಅಣ್ಣಾ."

"ಆ ಸ್ವರ ನೋಡೋ ಯಂತ್ರ ತಂದಿದ್ದೀಯಾ?"

ಸ್ವರ ಸರಿ ಇದೆಯೇ ಎಂದು ಮುಳ್ಳಿನಲ್ಲಿ ತೋರಿಸುವ ಬೆಂಕಿಪೊಟ್ಟಣದಷ್ಟು ಯಂತ್ರವದು, ಯಾವಾಗಲೂ ನನ್ನ ಕೈಚೀಲದಲ್ಲಿರುತ್ತದೆ. ಅವನ ಮುಂದೆ ಹಿಡಿದೆ. ಅಣ್ಣ ಕಣ್ಣು ಮುಚ್ಚಿಕೊಂಡು ತೊಟ್ಟಿಲ ಹಾಡಿನ ಮೊದಲ ಸ್ವರವನ್ನು ಗುನುಗಿದ. ಮುಳ್ಳು ಒಂದು ಸಲ ಅಲ್ಲಾಡಿ ನಟ್ಟ ನಡುವೆ ನಿಂತಿತು. ಎರಡನೆಯದು. ನಡುವೆ. ಮೂರನೆಯದಕ್ಕೆ ಕೆಮ್ಮು ಬಂತು.

ಕೆಮ್ಮು ನಿಂತ ಮೇಲೆ, "ಹಾಗಾದ್ರೆ ಕಿವಿ ಸರಿ ಇದೆ," ಅಂದ.

"ಸರಿ ಇದೆ."

"ಐದು ದಿನ ಆಯ್ತು ಪುಟ್ಟೀ." ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳಬಹುದಿತ್ತು. "ಐದು ದಿನದಿಂದ ಒಂದು ಹಾಡೂ ಕೇಳಿಲ್ಲ. ಕೇಳಿಸೋದೆಲ್ಲ ತಪ್ಪು, ಹಾಳಾದದ್ದನ್ನ ಯಾಕೆ ಕೇಳೋದು ಅಂತ. ಅವತ್ತೇ ಒಂದು ಮಾತು ಹೇಳಬಹುದಿತ್ತು ನೀನು."

ನಾನು ಚೀಲದಿಂದ ಹೊಸ ಹಾಳೆ ತೆಗೆದೆ. "ಇದು ನಿಂಗೇ ಅಂತ ಬರೆದೆ. ಹದಿನಾಲ್ಕೇ ಸ್ವರ. ಇಪ್ಪತ್ನಾಲ್ಕಕ್ಕೆ ಆಗುತ್ತೆ, ಕೂತ್ಕೊಂಡೇ ಊದಬಹುದು." ಮಾತಾಡುತ್ತಲೇ ಮೂಲೆಯ ಕಡೆ ನೋಡಿದೆ. ಪೆಟ್ಟಿಗೆ ಇಡುತ್ತಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಉದ್ದ ಚೌಕ ಮಾತ್ರ ಇತ್ತು.

"ನಿನ್ನೆ ಶಾಲೆಯ ಸಂಗೀತದ ಮೇಷ್ಟ್ರು ಬಂದು ತಗೊಂಡು ಹೋದ್ರು," ಅಂದ ಅಣ್ಣ. "ನಾನೇ ಕರೆಸಿದ್ದು."

"ನಾನು ಹೋಗಿ ಕೇಳ್ತೀನಿ. ಈಗ್ಲೇ ಹೋಗ್ತೀನಿ. ನಡೆದದ್ದು ಹೇಳಿದ್ರೆ ವಾಪಸ್ ಕೊಡ್ತಾರೆ."

"ಬೇಡ ಕಣೇ. ನಿನ್ನೆಯಿಂದ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ಇನ್ನು ಊದೋಕೆ ಆಗಲ್ಲ ಅಂತ ನಂಗೂ ಗೊತ್ತು." ಅವನ ಕಣ್ಣು ನನ್ನ ಕಡೆ ತಿರುಗಿದ್ದು ಆಗಲೇ. "ಆದ್ರೆ ಉಸಿರಿಲ್ದೆ ಬಿಡೋದು ಬೇರೆ, ಕಿವಿ ಕೆಟ್ಟು ಬಿಡೋದು ಬೇರೆ. ಅದನ್ನ ಕೊಡುವಾಗ ನಾನು ಎರಡನೇದು ಅಂದ್ಕೊಂಡು ಕೊಟ್ಟೆ. ಸರಿಯಾಗಿ ಒಂದ್ಸಲ ನೋಡ್ಲೂ ಇಲ್ಲ."

ನಾನು ಅವನ ಕಾಲ ಬಳಿ ನೆಲದ ಮೇಲೆ ಕೂತಿದ್ದೆ. ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅವನಂತೂ 'ಪರವಾಗಿಲ್ಲ' ಎನ್ನಲಿಲ್ಲ. ಸುಳ್ಳು ಸಮಾಧಾನ ಅವನಿಗೆ ಬರುತ್ತಿರಲಿಲ್ಲ. ಕೈ ಚಾಚಿ ಹಾಳೆ ಇಸಿದುಕೊಂಡ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದು ಸ್ವರವನ್ನೂ ಓದಿದ.

"ಸುಲಭ ಮಾಡಿದ್ದೀಯಾ."

"ಹೂಂ."

"ಜೀವಮಾನವೆಲ್ಲ ಜನರನ್ನ ಮೇಲೆ ಕಳಿಸೋದೇ ನನ್ನ ಕೆಲಸ. ಈಗ ನನ್ನ ಸರದಿ ಬಂದಾಗ ನೀನು ಹಾಡನ್ನ ಕೆಳಗೆ ಇಳಿಸಿದ್ದೀಯ." ಸ್ವಲ್ಪ ನಕ್ಕ. ನಾನು ನಗಲಿಲ್ಲ ಎಂದು ಅವನಿಗೆ ಬೇಸರವಾದಂತೆ ಕಂಡಿತು. ಆಮೇಲೆ ಮೂರನೆಯ ಸಾಲಿನ ಮೇಲೆ ಬೆರಳು ನಿಲ್ಲಿಸಿದ. "ಇಲ್ಲಿ ಮರೆತಿದ್ದೀಯ. ಈ ಎರಡರ ಮಧ್ಯೆ ಜಾಗ ಬಿಟ್ಟಿಲ್ಲ. ಪೆನ್ಸಿಲ್ ಕೊಡು."

ಕೊಟ್ಟೆ. ಆ ಎರಡು ಸ್ವರಗಳ ನಡುವೆ, ಮೇಲ್ಗಡೆ, ಒಂದು ಕೊಕ್ಕೆ ಹಾಕಿದ. ಅದು ಅವನ ಹಳೆಯ ಹಾಳೆಯ ಕೊಕ್ಕೆಗಳಿಗಿಂತ ದೊಡ್ಡದಾಯಿತು. ಹಾಳೆಯನ್ನು ನನಗೆ ವಾಪಸು ಕೊಟ್ಟು, "ಆ ರೇಡಿಯೊ ಇಳಿಸು," ಅಂದ.

ಇಳಿಸಿ, ಸುತ್ತಿದ್ದ ವೈರು ಬಿಡಿಸಿ, ರೇಡಿಯೊ ಹಾಕಿದೆ. ಯಾವುದೋ ಹಾಡು ಬರುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ನಾನು ಹೊರಟದ್ದನ್ನು ಗಮನಿಸಿದನೋ ಇಲ್ಲವೋ ಗೊತ್ತಿಲ್ಲ.

ಅಣ್ಣ ಹದಿನೆಂಟನೆಯ ತಾರೀಖು ಬೆಳಗ್ಗೆ ಹೋದ. ರೇಡಿಯೊ ಹಾಕಿಯೇ ಇತ್ತಂತೆ. ಎಂಟು ದಿನ ಅದನ್ನು ಆರಿಸಲು ಬಿಡಲಿಲ್ಲ ಎಂದರು ಅತ್ತಿಗೆ. ನಾನು ಎಣಿಸಿದೆ. ಎಂಟು ದಿನ ಅವನಿಗೆ ಸಿಕ್ಕಿತು, ಐದು ದಿನ ನಾನು ಕಿತ್ತುಕೊಂಡೆ. ಈ ಲೆಕ್ಕವನ್ನು ಯಾವ ಕಡೆಯಿಂದ ಮಾಡಿದರೂ ಐದು ಹಾಗೆಯೇ ಉಳಿಯುತ್ತದೆ.

ಇಪ್ಪತ್ನಾಲ್ಕರಂದು ನುಡಿಸುವುದೋ ಬೇಡವೋ ಎಂದು ಅತ್ತಿಗೆಯನ್ನೇ ಕೇಳಿದೆವು. "ಅವರು ಇದ್ದಿದ್ರೆ ಬಿಡ್ತಿದ್ರಾ?" ಅಂದರು.

ಸಂಜೆ ಐದಕ್ಕೆ ರೈಲು ನಿಲ್ದಾಣದ ಒಳ ಮೆಟ್ಟಿಲ ಮೇಲೆ ನಾಲ್ಕು ಕುರ್ಚಿ ಹಾಕಿಕೊಂಡೆವು. ಚೀಲ, ಪೆಟ್ಟಿಗೆ ಎಳೆದುಕೊಂಡು ಜನ ಹೋಗುತ್ತಿದ್ದರು. ಕೆಲವರು ನಿಂತರು. ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೊದಲಿನಿಂದಲೂ ಕೇಳುತ್ತಿದ್ದರು. ಒಂದೊಂದು ಹಾಡು ಮುಗಿದಾಗಲೂ ತಲೆದೂಗುತ್ತಿದ್ದರು.

ತೊಟ್ಟಿಲ ಹಾಡಿಗೆ ನಾನು ಐವರ ಹಾಳೆಗಳನ್ನು ಹಂಚಿದೆ. ಹಿಂದಿನ ದಿನ ಒಂದು ಕೆಲಸ ಮಾಡಿದ್ದೆ. ಅಣ್ಣ ಮೂರನೆಯ ಸಾಲಿನಲ್ಲಿ ಹಾಕಿದ ಕೊಕ್ಕೆಯನ್ನು ಎಲ್ಲರ ಹಾಳೆಯಲ್ಲೂ ಅದೇ ಜಾಗದಲ್ಲಿ ಪೆನ್ನಿನಿಂದ ಬರೆದಿದ್ದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ನನ್ನ ಮುಂದೆ ಎರಡು ಹಾಳೆ ಇದ್ದವು, ನನ್ನದೂ ಅವನದೂ. ಎರಡನ್ನೂ ಒಟ್ಟಿಗೆ ಊದಲು ಯಾರಿಗೂ ಆಗುವುದಿಲ್ಲ. ರಾಗವನ್ನು ಅಂಚೆಯಣ್ಣನಿಗೆ ಬರೆದುಕೊಟ್ಟು, ನಾನು ಹಾರ್ನಿನಲ್ಲಿ ಆ ಹದಿನಾಲ್ಕು ಸ್ವರ ಊದಿದೆ. ಮೊದಲನೆಯದು ಊದಿ ಕಾದೆ. ಎರಡನೆಯದು ಊದಿ ಕಾದೆ. ಎಷ್ಟೊಂದು ಕಾಯಬೇಕಿತ್ತು ಆ ಸಾಲಿನಲ್ಲಿ. ಬರೆಯುವಾಗ ಅದು ನನಗೆ ತಿಳಿದಿರಲಿಲ್ಲ.

ಮೂರನೆಯ ಸಾಲಿನಲ್ಲಿ ಅಣ್ಣನ ಕೊಕ್ಕೆ ಬಂತು. ನಾಲ್ವರೂ ನಿಲ್ಲಿಸಿದೆವು. ರಾಗ ತುಂಡಾಯಿತು. ಆ ಒಂದು ಕ್ಷಣ ಚಾವಣಿಯಡಿ ಪೆಟ್ಟಿಗೆಯ ಚಕ್ರಗಳ ಸದ್ದು, ಯಾರದೋ ಚಪ್ಪಲಿಯ ಸದ್ದು ಮಾತ್ರ ಇತ್ತು. ಬೇಕರಿ ಅಕ್ಕ ಉಸಿರೆಳೆದದ್ದು ನನಗೆ ಕೇಳಿಸಿತು. ಆಮೇಲೆ ಮತ್ತೆ ಸೇರಿಕೊಂಡು ಮುಗಿಸಿದೆವು.

ಮೌನಿ ಟ್ರಂಪೆಟ್ಟಿನಲ್ಲಿ ತುಂಬಿದ ಉಸಿರಿನ ನೀರನ್ನು ಮೆಟ್ಟಿಲ ಮೇಲೆ ಚೆಲ್ಲುತ್ತಿದ್ದ. ಬೆಂಚಿನ ಅಜ್ಜಿ ಎದ್ದು ಹತ್ತಿರ ಬಂದರು. "ತುಂಬ ಚೆನ್ನಾಗಿತ್ತಮ್ಮ," ಅಂದು, ಕೇಳಲೋ ಬೇಡವೋ ಎಂದು ಸ್ವಲ್ಪ ತಡೆದು, "ಮಧ್ಯದಲ್ಲಿ ಒಂದು ಕಡೆ ನಾಲ್ಕೂ ಜನ ಮರೆತುಬಿಟ್ರಲ್ಲ?" ಅಂದರು.

"ಇಲ್ಲಮ್ಮ," ಅಂದೆ. "ಅದು ಬರೆದಿರೋದೇ ಹಾಗೆ."